ಹಸಿದ ಹೊಟ್ಟೆಯಲ್ಲಿ ಕತ್ತರಿ ಹಿಡಿಯಬೇಡಿ

ದಾವಣಗೆರೆಯ ಕಾದಂಬರಿಕಾರರೊಬ್ಬರ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಓದಿದಾಗಲೆಲ್ಲ ಸಿಟ್ಟು ಬರುತ್ತಿದೆ. ಅವರ ಮೇಲಲ್ಲ, ಯಾರ ಮೇಲೆಂದು ಆಮೇಲೆ ಹೇಳುತ್ತೇನೆ.

ವಯಸ್ಸು ಐವತ್ತಾರು. ನಾಲ್ಕು ವರ್ಷ ಕೂತು ಬರೆದ ಕಾದಂಬರಿ 412 ಪುಟವಾಗಿದೆ. ಮುನ್ನೂರಕ್ಕೆ ಇಳಿಸಿ ಸಂಕ್ರಾಂತಿಯೊಳಗೆ ಕೊಡಿ ಎಂದಿದ್ದಾರೆ ಪ್ರಕಾಶಕರು. ಅಷ್ಟರಲ್ಲಿ ದೀಪಾವಳಿ ಬಂತು. ಚತುರ್ದಶಿಯಿಂದ ಪಾಡ್ಯದವರೆಗೆ ಹೋಳಿಗೆ, ಕರ್ಜಿಕಾಯಿ, ಕೋಡುಬಳೆ. ಸಾಲದ್ದಕ್ಕೆ ಅಳಿಯನಿಗೆ ಊರು ತೋರಿಸುವ ನೆಪದಲ್ಲಿ ಎರಡು ಸಲ ಬೆಣ್ಣೆ ದೋಸೆ. ಹಬ್ಬ ಮುಗಿಯುವಾಗ ತೂಕದ ಯಂತ್ರ ಮೂರು ಕಿಲೋ ಹೆಚ್ಚು ತೋರಿಸಿತು. ಮರುದಿನದಿಂದಲೇ ಹದಿನಾರು ಗಂಟೆಯ ಉಪವಾಸ. ರಾತ್ರಿ ಎಂಟಕ್ಕೆ ಬಾಯಿ ಕಟ್ಟಿದರೆ ಮೊದಲ ತುತ್ತು ಮಧ್ಯಾಹ್ನ ಹನ್ನೆರಡಕ್ಕೆ. "ಬೆಳಗ್ಗೆ ಐದಕ್ಕೆ ತಿದ್ದಲು ಕೂರುತ್ತೇನೆ. ಪುಟದಲ್ಲಿ ಅಕ್ಷರದ ಬದಲು ಕೋಡುಬಳೆ ಡಬ್ಬಿ ಕಾಣುತ್ತದೆ. ಪಥ್ಯ ಬಿಡಲೇ, ಕಾದಂಬರಿ ಬಿಡಲೇ?"

ತೂಕದ ಮಾತು ಮೊದಲು ಮುಗಿಸೋಣ. ಸಕ್ಕರೆ ಕಾಯಿಲೆಯಾಗಲಿ ಬಿ.ಪಿ.ಯಾಗಲಿ ಇಲ್ಲವೆಂದು ನೀವೇ ಬರೆದಿದ್ದೀರಿ. ಒಂದು ಕಿಲೋ ಕೊಬ್ಬು ಮೈಗೆ ಹತ್ತಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲರಿ ಹೆಚ್ಚು ತಿನ್ನಬೇಕು. ಮೂರು ಕಿಲೋಗೆ ಇಪ್ಪತ್ಮೂರು ಸಾವಿರ. ಮೂರ್ನಾಲ್ಕು ದಿನದಲ್ಲಿ ಅಷ್ಟು ತಿನ್ನಲು ಹೋಳಿಗೆ ಸಾಲದು, ಬಕಾಸುರನೇ ಬರಬೇಕು. ಹಿಟ್ಟು, ಬೆಲ್ಲ ಹೆಚ್ಚಾಗಿ ತಿಂದಾಗ ದೇಹ ಕೂಡಿಡುವ ಒಂದೊಂದು ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಕೋಡುಬಳೆಯ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ನಿಮ್ಮ ಮೂರು ಕಿಲೋದಲ್ಲಿ ಬಹುಪಾಲು ನೀರು. ಎಂದಿನ ಊಟಕ್ಕೆ ಮರಳಿದರೆ ಅದು ತಾನಾಗಿ ಇಳಿಯುತ್ತದೆ. ತೂಕದ ಯಂತ್ರ ಮನೆಯಲ್ಲಿ ಇರಬಾರದು ಎಂದು ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ!

ಇನ್ನು ನೀವು ಅಡಗಿಸಿದ ಮಾತಿಗೆ ಬರುತ್ತೇನೆ. ಮೂರನೆಯ ಪುಟದ ಕೊನೆಗೆ, ಹಾಲಿನ ಲೆಕ್ಕ ಬರೆದಂತೆ ಬರೆದಿದ್ದೀರಿ: "ಪಥ್ಯದ ನಾಲ್ಕನೆಯ ದಿನ ಒಂದು ಊಟದ ಅಧ್ಯಾಯ ಪೂರ್ತಿ ತೆಗೆದೆ. ಹದಿನೆಂಟು ಪುಟ ಕಡಿಮೆಯಾಯಿತು."

ಕಾದಂಬರಿ ದಾವಣಗೆರೆಯ ಹತ್ತಿ ಮಿಲ್ಲಿನ ಕಾರ್ಮಿಕನ ಮನೆಯದು. ಮಿಲ್ಲು ಮುಚ್ಚುವ ಮುನ್ನಿನ ದೀಪಾವಳಿ, ಕೈಗೆ ಬಂದ ಕೊನೆಯ ಬೋನಸ್, ಆ ದುಡ್ಡಿನಲ್ಲಿ ತಂದ ಕಡಲೆಬೇಳೆ, ಬೆಲ್ಲ. ತಾಯಿ ಒರಳಲ್ಲಿ ಹೂರಣ ರುಬ್ಬುತ್ತಾಳೆ. ಬೇಳೆಯ ಕಟ್ಟು ಸಾರಿಗೆಂದು ಬಸಿದಿಟ್ಟಿದ್ದಾಳೆ. ನಾಲ್ಕು ಮಕ್ಕಳು ಸುತ್ತ ಕೂತು, ಕಾವಲಿಯಿಂದ ಇಳಿಯುವ ಹೋಳಿಗೆ ಎಣಿಸುತ್ತಿದ್ದಾರೆ. ಇಡೀ ಪುಸ್ತಕದಲ್ಲಿ ಆ ಮನೆಯವರು ಹೊಟ್ಟೆ ತುಂಬ ಉಣ್ಣುವುದು ಅದೊಂದೇ ಸಲ ಎಂದು ನೀವೇ ಬರೆದಿದ್ದೀರಿ. ಅದನ್ನು ಕಿತ್ತು ಹಾಕಿ, ಕಾನೂನಿನ ಕನಿಷ್ಠ ಬೋನಸ್ ಶೇ 8.33 ಸಾಕೇ, ಹೆಚ್ಚು ಬೇಕೇ ಎಂಬ ಸಂಘದ ಸಭೆಯ ಇಪ್ಪತ್ತಾರು ಪುಟ ಉಳಿಸಿಕೊಂಡಿದ್ದೀರಿ. ಬೋನಸ್ ಇದೆ, ಹೋಳಿಗೆ ಇಲ್ಲ! ಆ ಅಧ್ಯಾಯವನ್ನು ತೆಗೆದದ್ದು ನಿಮ್ಮ ವಿವೇಕವಲ್ಲ, ಹೊಟ್ಟೆಯ ಹೊಟ್ಟೆಕಿಚ್ಚು. ಪಾತ್ರಗಳು ಉಣ್ಣುವುದನ್ನು ಅದು ಬೆಳಗ್ಗೆ ಹತ್ತಕ್ಕೆ ನೋಡಿ ಸಹಿಸಲಿಲ್ಲ.

ನನಗಿದು ಗೊತ್ತು. ಒಂದು ಶಿವರಾತ್ರಿಯಂದು ನಿರಾಹಾರ ಕೂತು ಓದುಗಿಯೊಬ್ಬಳಿಗೆ ಗಂಡನನ್ನು ಬಿಟ್ಟುಬಿಡು ಎಂದು ಖಡಾಖಂಡಿತವಾಗಿ ಉತ್ತರ ಬರೆದಿದ್ದೆ. ಮರುದಿನ ಪಾರಣೆ ಮಾಡಿ ಓದಿದರೆ ಆತನ ಅಪರಾಧ ಗೊರಕೆಯೊಂದೇ. ಪುಣ್ಯಕ್ಕೆ ಅಂಚೆಗೆ ಹಾಕಿರಲಿಲ್ಲ.

ಈಗ ಸಿಟ್ಟಿನ ವಿಷಯ. ಕುಂದವಾಡ ಕೆರೆಯ ಏರಿಯ ಮೇಲೆ ನಿಮ್ಮ ಜೊತೆ ನಡೆಯುವ ಗೆಳೆಯರಿದ್ದಾರಲ್ಲ, ಹನ್ನೊಂದು ಕಿಲೋ ಇಳಿಸಿದವರು? ಹದಿನಾರು ಗಂಟೆಯ ವ್ರತ ಕೊಟ್ಟವರು ಅವರು. "ಊಟದ ವರ್ಣನೆ ಈಗ ಯಾರು ಓದುತ್ತಾರೆ" ಎಂದವರೂ ಅವರೇ. ಹಸ್ತಪ್ರತಿಯ ಒಂದು ಪುಟವನ್ನೂ ಓದದ ಮನುಷ್ಯನ ಮಾತಿಗೆ ಹದಿನೆಂಟು ಪುಟ ಬಲಿ. ಸೊಂಟ ಸಣ್ಣದಾದ ಮಾತ್ರಕ್ಕೆ ಯಾರೂ ವಿಮರ್ಶಕರಾಗುವುದಿಲ್ಲ. ನಾಳೆಯಿಂದ ಬೇರೆ ಹೊತ್ತಿಗೆ ವಾಕಿಂಗ್ ಹೋಗಿ.

"ಹೆಂಡತಿ ಪಥ್ಯಕ್ಕೆ ಸಹಕರಿಸುತ್ತಿಲ್ಲ" ಎಂದೂ ಒಂದು ಸಾಲು ಇದೆ. ಅರವತ್ತು ಹೋಳಿಗೆ ತಟ್ಟಿದ ಕೈ ಸ್ವಾಮಿ ಅದು. ಈಗ ನಿಮ್ಮೊಬ್ಬರಿಗಾಗಿ ಹನ್ನೆರಡಕ್ಕೆ ಸರಿಯಾಗಿ ಎಣ್ಣೆಯಿಲ್ಲದ ಪಲ್ಯ, ಉಳಿದವರಿಗೆ ಬೇರೆ ಅಡುಗೆ. ನನ್ನ ಪೂರ್ತಿ ಮರುಕ ಆ ತಾಯಿಗೇ ಸಲ್ಲುತ್ತದೆ, ನಿಮಗೆ ಉಳಿದಿದ್ದರೆ ನೋಡೋಣ.

ಪಥ್ಯ ಬೇಕಿದ್ದರೆ ಮಾಡಿ, ಬೇಡವೆನ್ನುವುದಿಲ್ಲ. ನಾನು ಹೇಳುವುದು ಒಂದೇ: ಉಂಡು ಕೈ ತೊಳೆಯುವವರೆಗೆ ಹಸ್ತಪ್ರತಿಯನ್ನು ಮುಟ್ಟಕೂಡದು. ನಾಳೆ ಮಧ್ಯಾಹ್ನ ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ ಮುಗಿಸಿ, ಆ ಹದಿನೆಂಟು ಪುಟ ಹೊರತೆಗೆದು ನಿಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ. ಬೇಳೆ ಎಷ್ಟು ಬೇಯಬೇಕು, ಕಟ್ಟು ಯಾವಾಗ ಬಸಿಯಬೇಕು ಎಂಬಲ್ಲಿ ಅವರು ಖಂಡಿತ ತಡೆಯುತ್ತಾರೆ. ಅಲ್ಲಿ ತಿದ್ದಿ. ಆಮೇಲೆ ಸಂಘದ ಸಭೆಗೆ ಬನ್ನಿ. ಇಪ್ಪತ್ತಾರು ಪುಟದಲ್ಲಿ ಇಪ್ಪತ್ತು ಅಲ್ಲೇ ಸಿಗುತ್ತವೆ.