ನಾಜಿಗಳ ಸೆರೆ ಶಿಬಿರಗಳನ್ನು ಬಿಡಿಸಿದ ಸೈನಿಕರಿಗೆ ಕೊನೆತನಕ ನೆನಪಿದ್ದದ್ದು ಏನು?

ಮೊದಲು ವಾಸನೆ. ಶಿಬಿರ ಕಣ್ಣಿಗೆ ಬೀಳುವ ಮುಂಚೆಯೇ ಅದು ಮೂಗಿಗೆ ಬಡಿಯಿತು ಅಂತ ಎಷ್ಟೋ ಮಂದಿ ಹೇಳಿದ್ದಾರೆ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಪಡೆ ಜರ್ಮನಿಯ ಬರ್ಗನ್-ಬೆಲ್ಸನ್ ಶಿಬಿರ ತಲುಪಿದಾಗ ಒಳಗೆ ಸುಮಾರು 60,000 ಕೈದಿಗಳಿದ್ದರು. ಹೂಳದ ಹೆಣಗಳೇ ಸಾವಿರಾರು.

ಆದರೆ ಹಲವರನ್ನು ಜಾಸ್ತಿ ಕಾಡಿದ್ದು ಇನ್ನೊಂದು ಸಂಗತಿ. ಹಸಿದವರನ್ನು ನೋಡಿ ಕರುಳು ಚುರುಕ್ ಎಂದು, ಜೇಬಿನ ಚಾಕೊಲೇಟ್, ಡಬ್ಬಿ ಮಾಂಸ ಕೊಟ್ಟುಬಿಟ್ಟರು. ತಿಂಗಳುಗಟ್ಟಲೆ ಒಣಗಿದ ಹೊಟ್ಟೆಗೆ ಅದು ದಕ್ಕಲಿಲ್ಲ. ತಿಂದವರಲ್ಲಿ ಕೆಲವರು ಸತ್ತೇ ಹೋದರು. ಒಳ್ಳೇದು ಮಾಡಲು ಹೋಗಿ ಹೀಗಾಯಿತಲ್ಲ ಅನ್ನುವ ಕೊರಗು ಸುಮ್ನೆ ಬಿಟ್ಟುಹೋಗುವಂಥದ್ದಲ್ಲ, ಅಲ್ವಾ?

ಓರ್‌ಡ್ರುಫ್ ಶಿಬಿರದಲ್ಲಿ, ಗಟ್ಟಿಗ ಅಂತ ಹೆಸರಾದ ಅಮೆರಿಕದ ಜನರಲ್ ಪ್ಯಾಟನ್ ಅವರೇ ಹೆಣ ಪೇರಿಸಿಟ್ಟ ಕೋಣೆಗೆ ಕಾಲಿಡಲಿಲ್ಲ. ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್ ಮಾತ್ರ ಬೇಕೆಂದೇ ಒಳಗೆ ಹೋಗಿ ನೋಡಿದರು. ಇದೆಲ್ಲ ಬರೀ ಪ್ರಚಾರ ಅಂತ ಮುಂದೆ ಯಾರಾದರೂ ಅಂದರೆ, ಕಣ್ಣಾರೆ ಕಂಡ ಸಾಕ್ಷಿ ತಾವಾಗಿರಬೇಕು ಎಂದು.

ಮನೆಗೆ ಮರಳಿದ ಎಷ್ಟೋ ಸೈನಿಕರು ದಶಕಗಟ್ಟಲೆ ಹೆಂಡತಿ, ಮಕ್ಕಳ ಹತ್ತಿರವೂ ಬಾಯಿ ಬಿಡಲಿಲ್ಲ.