ಸತ್ತರೆ ಮತ್ತೆ ಮೊದಲಿನಿಂದ ಶುರುವಾಗುವ ಆಟವನ್ನು ಹತ್ತು ವರ್ಷದ ಮಗನ ಜೊತೆ ಆಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ಹತ್ತು ವರ್ಷದ ಮಗನಿಗೆ ನಿಂಜಾ ಟರ್ಟಲ್ಸ್, ಅಂದರೆ ಕಾರ್ಟೂನಿನ ಆ ನಾಲ್ಕು ನಿಂಜಾ ಆಮೆಗಳು, ಅಂದರೆ ಪ್ರಾಣ. ಅವನ ಜೊತೆ ಆಡಲು ಅವುಗಳದ್ದೇ 'ಸ್ಪ್ಲಿಂಟರ್ಡ್ ಫೇಟ್' ಅನ್ನುವ ವಿಡಿಯೊ ಗೇಮ್ ತಗೊಳ್ಳೋಣ ಅಂತಿದ್ದೀರಿ. ಆದರೆ ಅದರಲ್ಲಿ ಸತ್ತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಂತೆ, ಅವನು ಬೇಸರ ಮಾಡಿಕೊಂಡು ಬಿಟ್ಟುಬಿಡುತ್ತಾನಾ, ಬದಲಿಗೆ ಟರ್ಟಲ್ಸ್‌ನದ್ದೇ ಇನ್ನೊಂದು ಆಟ 'ಶ್ರೆಡರ್ಸ್ ರಿವೆಂಜ್' ಕೊಡಿಸಿದರೆ ಮೇಲಾ ಅಂತ ಕೇಳಿದ್ದೀರಿ.

ತಗೊಳ್ಳಿ. ಅವನು ಬೇಸರ ಮಾಡಿಕೊಳ್ಳುತ್ತಾನೆ, ಒಂದೆರಡು ಸಲ ಅಳಲೂಬಹುದು. ಆದರೂ ತಗೊಳ್ಳಿ. ಆದರೆ ನೀವು ಪಕ್ಕದಲ್ಲಿ ಕೂತು ಆಡುವುದಾದರೆ ಮಾತ್ರ. ಅವನ ಕೈಗೆ ಕೊಟ್ಟು ನೀವು ಎದ್ದು ಹೋಗುವುದಾದರೆ ಈ ಆಟ ಬೇಡ.

ನಾನಿರುವುದು ಉಡುಪಿಯ ಕುಂಜಿಬೆಟ್ಟಿನಲ್ಲಿ. ಮನೆಯಿಂದಲೇ ಕೆಲಸ. ಅಕ್ಕನ ಮಗನಿಗೆ ಈಗ ಹನ್ನೊಂದು ವರ್ಷ. ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಇಲ್ಲಿ ಜೂನ್, ಜುಲೈ ಬಂದರೆ ರೆಡ್ ಅಲರ್ಟ್ ಅಂದ ಕೂಡಲೇ ಡಿಸಿ ರಜೆ ಕೊಡುತ್ತಾರೆ, ರಜೆ ಸಿಕ್ಕಿದ ದಿನ ಅವನು ನಮ್ಮ ಮನೆಗೆ ಬರುತ್ತಾನೆ. ಹೊರಗೆ ಕಾಲಿಡುವ ಹಾಗಿಲ್ಲ. ಎರಡು ಮಳೆಗಾಲ ನಾವಿಬ್ಬರು ಇದೇ ಆಟ ಆಡಿದ್ದೇವೆ. ಹಾಗಾಗಿ ನನಗೆ ಗೊತ್ತಿರುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಆಟ ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಟರ್ಟಲ್ಸ್ ಗುರು ಸ್ಪ್ಲಿಂಟರ್ ಕಾಣೆಯಾಗಿದ್ದಾನೆ. ಅವನನ್ನು ಹುಡುಕಲು ನಾಲ್ಕು ಜನ ಅಣ್ಣತಮ್ಮಂದಿರು ಹೊರಡುತ್ತಾರೆ. ನ್ಯೂಯಾರ್ಕ್ ನಗರದ ಚರಂಡಿಯಿಂದ ಶುರು, ಆಮೇಲೆ ಹಡಗುಕಟ್ಟೆ, ಬೀದಿ, ಕೊನೆಗೆ ಕಟ್ಟಡಗಳ ತಾರಸಿ. ಒಂದೊಂದು ಕೋಣೆಗೆ ಹೋಗುವುದು, ಅಲ್ಲಿರುವ ಫುಟ್ ಕ್ಲಾನ್‌ನವರನ್ನು, ಅಂದರೆ ಶತ್ರು ನಿಂಜಾ ಪಡೆಯವರನ್ನು, ಹೊಡೆದು ಮುಗಿಸುವುದು, ಒಂದು ಹೊಸ ಶಕ್ತಿಯನ್ನೋ ನಾಣ್ಯವನ್ನೋ ತಗೊಳ್ಳುವುದು, ಮುಂದಿನ ಬಾಗಿಲು ಆರಿಸುವುದು. ಶಕ್ತಿಗಳಲ್ಲಿ ಬೆಂಕಿ, ನೀರು, ಬೆಳಕು, ಕತ್ತಲು, ಊಜ್ ಅನ್ನುವ ಅಂಟು ದ್ರವ ಅಂತೆಲ್ಲ ಬೇರೆ ಬೇರೆ ಜಾತಿ ಉಂಟು. ಯಾವ ಕೋಣೆಯಲ್ಲಿ ಏನು ಸಿಗುತ್ತದೆ ಅನ್ನುವುದು ಪ್ರತಿ ಸಲ ಬೇರೆ. ಸತ್ತರೆ ಆ ಸಲ ಕೂಡಿಸಿದ ಶಕ್ತಿಗಳೆಲ್ಲ ಹೋಗುತ್ತವೆ, ವಾಪಸ್ ಟರ್ಟಲ್ಸ್ ಮನೆಗೆ.

ಈ ಜಾತಿಯ ಆಟಕ್ಕೆ ರೋಗ್‌ಲೈಕ್ ಅಂತ ಹೆಸರು. 1980ರಲ್ಲಿ 'ರೋಗ್' ಅಂತ ಒಂದು ಕಂಪ್ಯೂಟರ್ ಆಟ ಬಂದಿತ್ತು. ಅದರಲ್ಲಿ ಚಿತ್ರವೇ ಇರಲಿಲ್ಲ, ಅಕ್ಷರ ಮತ್ತು ಚಿಹ್ನೆಗಳಿಂದಲೇ ಗೋಡೆ, ಬಾಗಿಲು, ರಾಕ್ಷಸ ಎಲ್ಲ. ಪ್ರತಿ ಸಲ ನೆಲಮಾಳಿಗೆ ಹೊಸದು, ಸತ್ತರೆ ಎಲ್ಲ ಮುಗಿಯಿತು. ಈಗಿನ ಆಟಗಳು ಅಷ್ಟು ಕಠಿಣ ಇಲ್ಲ. ಇದರಲ್ಲಿ ಕೆಲವು ನಾಣ್ಯಗಳು ಸತ್ತ ಮೇಲೂ ನಿಮ್ಮ ಹತ್ತಿರವೇ ಉಳಿಯುತ್ತವೆ. ಮನೆಗೆ ಬಂದು ಅವನ್ನು ಖರ್ಚು ಮಾಡಿದರೆ ಆರೋಗ್ಯ ಜಾಸ್ತಿ ಮಾಡಿಕೊಳ್ಳಬಹುದು, ಏಟಿನ ಬಲ ಜಾಸ್ತಿ ಮಾಡಿಕೊಳ್ಳಬಹುದು. ಅದು ಶಾಶ್ವತ. ಅಂದರೆ ಹತ್ತನೇ ಸಲ ಹೊರಡುವ ಟರ್ಟಲ್ ಮೊದಲ ಸಲ ಹೊರಟವನಿಗಿಂತ ಗಟ್ಟಿ. ನಿಮ್ಮ ಮಗನಿಗೆ ಇದನ್ನು ಮೊದಲ ದಿನವೇ ತೋರಿಸಿಕೊಡಿ. ಇದು ಗೊತ್ತಿಲ್ಲದೆ ಆಡಿದರೆ ಬೇಸರ ಬರುವುದು ಸಹಜ.

ನಮ್ಮ ಹುಡುಗನಿಗೆ ನಾನು ಅದನ್ನು ಸರಿಯಾಗಿ ಹೇಳಿರಲಿಲ್ಲ. ಚರಂಡಿಯ ಕೊನೆಯಲ್ಲಿ ಲೆದರ್‌ಹೆಡ್ ಅಂತ ಒಂದು ದೊಡ್ಡ ಮೊಸಳೆ ಕಾಯುತ್ತಿರುತ್ತದೆ. ಅದೇ ಮೊದಲ ದೊಡ್ಡ ಎದುರಾಳಿ. ಮೊದಲ ದಿನ ಅದರ ಕೈಯಲ್ಲಿ ನಾವು ಐದು ಸಲ ಸತ್ತೆವು. ಐದನೇ ಸಲ ಅವನು ಕಂಟ್ರೋಲರ್ ಅನ್ನು ಮೆತ್ತಗೆ ಚಾಪೆಯ ಮೇಲಿಟ್ಟ. ಎಸೆಯಲಿಲ್ಲ. ಹೊದಿಕೆ ತಲೆಯವರೆಗೂ ಎಳೆದುಕೊಂಡು ಮಲಗಿಬಿಟ್ಟ. ನಾನು ಹಲಸಿನ ಹಪ್ಪಳ ಕರಿದು ತಂದು ಪಕ್ಕದಲ್ಲಿಟ್ಟೆ. ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹೊದಿಕೆಯೊಳಗಿಂದ ಒಂದು ಕೈ ಬಂತು, ಹಪ್ಪಳ ತಗೊಂಡಿತು. ಆಮೇಲೆ ಒಳಗಿನಿಂದಲೇ ಕೇಳಿದ: "ಚಿಕ್ಕಿ, ನಮ್ಮ ಹತ್ರ ಎಷ್ಟು ನಾಣ್ಯ ಉಂಟು?"

ಅಲ್ಲಿಂದ ಆಟ ಬೇರೆಯೇ ಆಯಿತು. ಎದ್ದು ಕೂತು, ಒಂದೊಂದೇ ಓದಿ, ಇದ್ದ ನಾಣ್ಯಕ್ಕೆಲ್ಲ ಆರೋಗ್ಯವನ್ನೇ ಜಾಸ್ತಿ ಮಾಡಿಸಿದ. ನಾನಾಗಿದ್ದರೆ ಏಟಿನ ಬಲಕ್ಕೆ ಹಾಕುತ್ತಿದ್ದೆ. ಆದರೆ ಸಾಯುತ್ತಿದ್ದುದು ಅವನು, ಅವನಿಗೆ ಬೇಕಾದ್ದು ಅವನಿಗೇ ಚೆನ್ನಾಗಿ ಗೊತ್ತಿತ್ತು. ಏಳನೇ ಸಲ ಮೊಸಳೆ ಬಿತ್ತು. ಕಿರುಚಿದ ಸದ್ದಿಗೆ ಒಳಗಿದ್ದ ಅಪ್ಪ ಎದ್ದು ಬಂದರು.

ಅಪ್ಪನ ಮಾತು ಇಲ್ಲಿ ಹೇಳಲೇಬೇಕು. ನಮ್ಮ ಕಡೆ 'ಆಟ' ಅಂದರೆ ಮೊದಲು ನೆನಪಾಗುವುದು ಯಕ್ಷಗಾನ. 'ಆಟಕ್ಕೆ ಹೋಗಿದ್ದೆ' ಅಂದರೆ ಬಯಲಾಟ ನೋಡಲು ಹೋಗಿದ್ದೆ ಅಂತಲೇ ಅರ್ಥ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇಲ್ಲ, ಆಗ ತಾಳಮದ್ದಳೆ ಜಾಸ್ತಿ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಉಳಿದವರು ಸುಮ್ನೆ ಸಾಲಾಗಿ ಕೂತು ಅದರ ಅರ್ಥವನ್ನು ಮಾತಿನಲ್ಲೇ ಬೆಳೆಸಿ ಪ್ರಸಂಗ ನಡೆಸುವುದು. ಅಪ್ಪ ಒಂದನ್ನೂ ಬಿಡುವವರಲ್ಲ. ಹುಡುಗ ಅವರಿಗೆ, "ಅಜ್ಜ, ಇದ್ರಲ್ಲಿ ಅದೇ ಚರಂಡಿ, ಅದೇ ಮೊಸಳೆ, ಆದ್ರೆ ಪ್ರತಿ ಸಲ ಬೇರೆ" ಅಂತ ವಿವರಿಸಲು ಹೋದ. ಅಪ್ಪ, "ಅದರಲ್ಲಿ ಎಂತ ವಿಶೇಷ? ಕರ್ಣ ಸಾಯುವುದು ನಮಗೂ ಗೊತ್ತುಂಟು. ಭಾಗವತರ ಪದ್ಯವೂ ಅದೇ. ಇವತ್ತು ಯಾರು ಅರ್ಥ ಹೇಳುತ್ತಾರೆ, ಎದುರು ಯಾರು, ಅದರ ಮೇಲೆ ಅಲ್ವಾ ಎಲ್ಲ" ಅಂದರು.

ನನಗೆ ಈ ಆಟದ ಒಳಗುಟ್ಟು ಪೂರ್ತಿ ಅರ್ಥವಾಗಿದ್ದು ಆ ಮಾತಿನಿಂದ. ಪದ್ಯ ಒಂದೇ, ಅರ್ಥ ಆ ರಾತ್ರಿಯದು. ಇಲ್ಲೂ ಹಾಗೆಯೇ. ದಾರಿ ಗೊತ್ತಿದೆ, ಎದುರಾಳಿ ಗೊತ್ತಿದೆ. ಈ ಸಲ ಕೈಗೆ ಸಿಕ್ಕಿದ ಶಕ್ತಿಗಳನ್ನು ಕೂಡಿಸಿ ಏನು ಮಾಡುತ್ತೀರಿ ಅನ್ನುವುದೇ ಆಟ. ಒಂದು ಸಲ ಡೊನಾಟೆಲ್ಲೊ ಅನ್ನುವ ಟರ್ಟಲ್ ಪೂರ್ತಿ ನೀರಿನವನಾಗುತ್ತಾನೆ, ಇನ್ನೊಂದು ಸಲ ಅವನ ಕೋಲಿನಿಂದ ಬೆಂಕಿ ಹಾರುತ್ತದೆ. ಇದು ಹಿಡಿಸಿದ ಮಕ್ಕಳಿಗೆ ಮೊದಲಿನಿಂದ ಶುರು ಮಾಡುವುದು ಶಿಕ್ಷೆ ಅನ್ನಿಸುವುದಿಲ್ಲ. "ಈ ಸಲ ನಮಗೆ ಎಂತ ಸಿಗ್ತದೆ ನೋಡುವ" ಅಂತ ಅವರೇ ಹೊರಡುತ್ತಾರೆ.

ಇನ್ನು ಇಬ್ಬರು ಸೇರಿ ಆಡುವ ವಿಷಯ. ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಹೊಡೆದಾಟದಲ್ಲಿ ದೊಡ್ಡವರು ಚುರುಕು, ಮಕ್ಕಳು ಹಿಂದೆ ಬೀಳುತ್ತಾರೆ ಅಂತ ಅಂದುಕೊಳ್ಳಬೇಡಿ. ತಿಂಗಳೊಳಗೆ ಅವನು ನಿಮಗಿಂತ ಮುಂದೆ ಹೋಗುತ್ತಾನೆ. ಜಗಳ ಆಗುವುದು ಬಾಗಿಲ ಮುಂದೆ. ಕೋಣೆ ಮುಗಿದಾಗ ಬಾಗಿಲುಗಳ ಮೇಲೆ ಮುಂದೆ ಏನು ಸಿಗುತ್ತದೆ ಅನ್ನುವ ಗುರುತು ಕಾಣುತ್ತದೆ. ಒಂದರಲ್ಲಿ ನಾಣ್ಯ, ಒಂದರಲ್ಲಿ ಶಕ್ತಿ. ಇಬ್ಬರೂ ಒಂದೇ ಬಾಗಿಲಲ್ಲಿ ಹೋಗಬೇಕು. ನನಗೆ ಆರೋಗ್ಯ ಕಡಿಮೆ ಇದೆ, ಅವನಿಗೆ ಬೆಂಕಿ ಬೇಕು. ಶುರುವಿನಲ್ಲಿ ನಾನೇ ನಿರ್ಧಾರ ಮಾಡಿಬಿಡುತ್ತಿದ್ದೆ, ಯಾಕೆಂದರೆ ನನಗೆ ಲೆಕ್ಕ ಗೊತ್ತಿತ್ತು. ಆಗ ಅವನು ಸುಮ್ಮನೆ ಹಿಂದೆ ಬರುತ್ತಿದ್ದ, ಬಟನ್ ಒತ್ತುತ್ತಿದ್ದ, ಅಷ್ಟೇ. ಸೋತಾಗ ಮುಖ ಸಣ್ಣದಾಗುತ್ತಿತ್ತು. ಆಮೇಲೆ ಒಂದು ನಿಯಮ ಮಾಡಿದೆವು: ಒಂದು ಬಾಗಿಲು ಅವನದು, ಒಂದು ಬಾಗಿಲು ನನ್ನದು. ಅವನ ಸರದಿಯಲ್ಲಿ ನಾನು ತಪ್ಪು ಅಂತ ಗೊತ್ತಿದ್ದರೂ ಬಾಯಿ ಬಿಡುವ ಹಾಗಿಲ್ಲ. ಅಂದಿನಿಂದ ಸೋತರೂ ಅವನು, "ನಾಣ್ಯದ ಬಾಗಿಲಿಗೆ ಹೋದದ್ದು ತಪ್ಪಾಯ್ತು, ಅಲ್ವಾ ಚಿಕ್ಕಿ" ಅಂತ ತಾನೇ ಹೇಳತೊಡಗಿದ. ಸೋಲು ಅವನ ಸ್ವಂತದ್ದಾಯಿತು. ನೀವೂ ಇದನ್ನು ಮಾಡಿ. ಬೇರೆ ಯಾವ ಸಲಹೆ ಮರೆತರೂ ಇದನ್ನು ಮರೆಯಬೇಡಿ.

ಯಾವ ಟರ್ಟಲ್ ಯಾರಿಗೆ? ಲಿಯೊನಾರ್ಡೊಗೆ ಎರಡು ಕತ್ತಿ, ಕಣ್ಣಿಗೆ ನೀಲಿ ಪಟ್ಟಿ. ರಾಫೆಲ್‌ಗೆ ಸಾಯ್ ಅನ್ನುವ ಮೂರು ಮೊನೆಯ ಚಿಕ್ಕ ಆಯುಧ, ಕೆಂಪು. ಮೈಕೆಲೆಂಜೆಲೊಗೆ ನಂಚಾಕು, ಅಂದರೆ ಸರಪಳಿಯಿಂದ ಜೋಡಿಸಿದ ಎರಡು ಕೋಲು, ಕಿತ್ತಳೆ. ಡೊನಾಟೆಲ್ಲೊಗೆ ಉದ್ದ ಕೋಲು, ನೇರಳೆ. ನಿಮ್ಮ ಮಗನಿಗೆ ಇದೆಲ್ಲ ಬಾಯಿಪಾಠ ಇರುತ್ತದೆ, ಇದು ನಿಮಗೆ. ಹೊಸಬರಿಗೆ ಡೊನಾಟೆಲ್ಲೊ ಒಳ್ಳೆಯದು. ಕೋಲು ಉದ್ದ ಇರುವುದರಿಂದ ಸ್ವಲ್ಪ ದೂರ ನಿಂತೇ ಹೊಡೆಯಬಹುದು. ರಾಫೆಲ್ ತೀರಾ ಹತ್ತಿರ ಹೋಗಬೇಕು, ಏಟು ತಿನ್ನುವುದೂ ಜಾಸ್ತಿ. ಇನ್ನೊಂದು, ಇಬ್ಬರೂ ಆಡುವಾಗ ಪರದೆ ತುಂಬ ಬೆಳಕು, ಕಿಡಿ. ನಾನು ಯಾವುದು, ಅವನು ಯಾವುದು ಅಂತ ಗೊತ್ತಾಗದೆ ಸತ್ತದ್ದುಂಟು. ಬೆಂಕಿಯ ಶಕ್ತಿ ತಗೊಂಡಿದ್ದರೆ ಮೈಕಿಯ ಕಿತ್ತಳೆ ಪಟ್ಟಿ ಉರಿಯಲ್ಲಿ ಕಾಣಿಸುವುದೇ ಇಲ್ಲ. ಹಾಗಾಗಿ ನಾವು ಯಾವಾಗಲೂ ಒಬ್ಬರು ನೀಲಿ ಅಥವಾ ನೇರಳೆ ತಗೊಳ್ಳುತ್ತೇವೆ.

ಅಂದ ಹಾಗೆ, ಈ ಬಣ್ಣಗಳು ಬಂದದ್ದು ಕಾರ್ಟೂನಿನಿಂದ. 1984ರಲ್ಲಿ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೈರ್ಡ್ ಮೊದಲ ಕಾಮಿಕ್ಸ್ ತಂದಾಗ ಒಳಪುಟಗಳೆಲ್ಲ ಕಪ್ಪು-ಬಿಳುಪು. ಬಣ್ಣದಲ್ಲಿ ಬರೆದಾಗಲೂ ನಾಲ್ವರಿಗೂ ಕೆಂಪು ಪಟ್ಟಿಯೇ. 1987ರ ಕಾರ್ಟೂನಿನಲ್ಲಿ ಮಕ್ಕಳಿಗೆ ಗುರುತು ಸಿಗಲಿ ಅಂತ ನಾಲ್ಕು ಬಣ್ಣ ಬಂತು. ನಮ್ಮ ಹುಡುಗನಿಗೆ ಇದನ್ನು ಹೇಳಿದಾಗ ಅವನು ಒಂದು ನಿಮಿಷ ನಂಬಲೇ ಇಲ್ಲ.

ಕೊರತೆಗಳನ್ನೂ ಹೇಳಬೇಕು. ಇದು ಮೊದಲು ಬಂದದ್ದು 2023ರಲ್ಲಿ ಆಪಲ್ ಆರ್ಕೇಡ್‌ನಲ್ಲಿ, ಅಂದರೆ ಫೋನ್, ಐಪ್ಯಾಡ್‌ಗೆ. ಮಾಡಿದವರು ಸೂಪರ್ ಈವಿಲ್ ಮೆಗಾಕಾರ್ಪ್. ಹಿಂದೆ 'ವೇನ್‌ಗ್ಲೋರಿ' ಅಂತ ಮೊಬೈಲ್ ಆಟ ಮಾಡಿದ್ದವರು. 2024ರ ಜುಲೈಯಲ್ಲಿ ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಯಂತ್ರಕ್ಕೆ ಬಂತು, ಅದೇ ವರ್ಷದ ಕೊನೆಗೆ ಕಂಪ್ಯೂಟರಿಗೆ. ಹುಟ್ಟಿದ್ದು ಫೋನಿನಲ್ಲಿ ಅನ್ನುವುದು ನೋಡಿದರೆ ಗೊತ್ತಾಗುತ್ತದೆ. ಚಿತ್ರ ಸರಳ. ಮೂಲ ಆಟದಲ್ಲಿ ಜಾಗಗಳು ನಾಲ್ಕೇ ಬಗೆ, ಇಪ್ಪತ್ತು ಸಲ ಆಡಿದ ಮೇಲೆ ಕೋಣೆಗಳು ನೋಡಿದ್ದೇ ಅನ್ನಿಸುತ್ತವೆ. 2020ರ 'ಹೇಡೀಸ್' ಆಡಿದವರಿಗೆ ಇದರ ಅಚ್ಚು ಅಲ್ಲಿಯದು ಅಂತ ಕೂಡಲೇ ಹೊಳೆಯುತ್ತದೆ. ಕಥೆಯಲ್ಲಿ, ಬರವಣಿಗೆಯಲ್ಲಿ 'ಹೇಡೀಸ್' ತುಂಬ ಮೇಲೆ. ಆದರೆ ಅದು ಒಬ್ಬರೇ ಆಡುವ ಆಟ, ಹತ್ತು ವರ್ಷದವರಿಗೆ ಹೇಳಿದ್ದೂ ಅಲ್ಲ. ಇದನ್ನು ಒಂದೇ ಟಿವಿಯ ಮುಂದೆ ಇಬ್ಬರು ಆಡಬಹುದು, ಆನ್‌ಲೈನ್‌ನಲ್ಲಿ ನಾಲ್ಕು ಜನ. ಮಾತು ಇಂಗ್ಲಿಷಿನಲ್ಲಿದೆ. ಶಕ್ತಿಗಳ ವಿವರ ಓದಬೇಕಾಗುತ್ತದೆ, ಮೊದಲ ವಾರ ನೀವೇ ಓದಿ ಹೇಳಿ.

'ಶ್ರೆಡರ್ಸ್ ರಿವೆಂಜ್' ಬಗ್ಗೆ ಕೇಳಿದ್ದೀರಿ. ಅದು 2022ರದ್ದು, ಚೆಂದದ ಆಟ. ಹಳೆಯ ಆರ್ಕೇಡ್ ಆಟಗಳ ಹಾಗೆ ಎಡದಿಂದ ಬಲಕ್ಕೆ ಹೊಡೆಯುತ್ತಾ ಹೋಗುವುದು. ಹದಿನಾರು ಹಂತ, ಎರಡು ಮೂರು ಗಂಟೆಯಲ್ಲಿ ಕಥೆ ಮುಗಿಯುತ್ತದೆ. ಮನೆಗೆ ನೆಂಟರ ಮಕ್ಕಳೆಲ್ಲ ಬಂದಿದ್ದರೆ, ಒಂದೇ ಮಧ್ಯಾಹ್ನ ಎಲ್ಲರೂ ಆಡಿ ನಗಬೇಕು ಅಂದರೆ ಅದೇ ಸರಿ. ನಿಮಗೆ ಬೇಕಾಗಿರುವುದು ಅದಲ್ಲ ಅಂತ ನನಗನ್ನಿಸುತ್ತದೆ. ಮಗನ ಜೊತೆ ದಿನಾ ಒಂದಿಷ್ಟು ಹೊತ್ತು ಕೂರಬೇಕು ಅಂತ ಬರೆದಿದ್ದೀರಿ. ಇದರಲ್ಲಿ ಒಂದು ಸಲ ಹೊರಟರೆ ಅರ್ಧ ಗಂಟೆ, ಚೆನ್ನಾಗಿ ನಡೆದರೆ ಮುಕ್ಕಾಲು ಗಂಟೆ. ಹೋಮ್‌ವರ್ಕ್ ಮುಗಿದ ಮೇಲೆ ಒಂದು ಸಲ, ಅಷ್ಟೇ ಅಂತ ಮಾತು ಮಾಡಿಕೊಳ್ಳಬಹುದು. ಸತ್ತ ಕೂಡಲೇ ನಿಲ್ಲಿಸುವುದಕ್ಕೆ ಒಂದು ಜಾಗ ತಾನಾಗಿ ಸಿಗುತ್ತದೆ. ಇದು ನಮಗೆ ತುಂಬ ಉಪಯೋಗಕ್ಕೆ ಬಂತು.

ಯಾವುದರಲ್ಲಿ ಆಡುವುದು ಅಂದರೆ, ನಿಮ್ಮ ಹತ್ತಿರ ಸ್ವಿಚ್ ಇದ್ದರೆ ಅದರಲ್ಲೇ. ಹೋದ ಜುಲೈಯಲ್ಲಿ ಒಂದು ಸಂಜೆ ಮೊದಲ ಸಲ ಶ್ರೆಡರ್‌ನ, ಅಂದರೆ ತಾರಸಿಯ ಮೇಲೆ ಕಾಯುವ ಕೊನೆಯ ಎದುರಾಳಿಯ, ಮುಂದೆ ನಿಂತಿದ್ದೆವು. ಗಾಳಿಗೆ ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿದ್ದಿರಬೇಕು, ಕರೆಂಟು ಹೋಯಿತು. ಟಿವಿ ಕಪ್ಪಾಯಿತು. ಹುಡುಗ ಉಸಿರೇ ಬಿಡಲಿಲ್ಲ. ಸ್ವಿಚ್ ಅನ್ನು ಟಿವಿಗೆ ಜೋಡಿಸುವ ಡಾಕ್‌ನಿಂದ ಎತ್ತಿ ನೋಡಿದರೆ ಆಟ ಹಾಗೆಯೇ ಇತ್ತು. ಅದನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು, ಅಂಗೈಯಗಲದ ಪರದೆಗೆ ಇಬ್ಬರೂ ತಲೆ ತಾಗಿಸಿ ಆಡಿದೆವು. ಅಪ್ಪ ಹಿಂದೆ ಟಾರ್ಚು ಹಿಡಿದು ನಿಂತಿದ್ದರು, ಬೆಳಕು ಪರದೆಗೆ ಬೀಳುತ್ತದೆ ಅಂತ ಹುಡುಗ ಆರಿಸಲು ಹೇಳಿದ. ಆ ಸಲ ನಾವು ಗೆಲ್ಲಲಿಲ್ಲ. ಶ್ರೆಡರ್‌ಗೆ ಇನ್ನು ಬೆರಳಗಲ ಜೀವ ಉಳಿದಿತ್ತು. ಅವನು ಕತ್ತಲಲ್ಲೇ ನನ್ನ ಕಡೆ ತಿರುಗಿ, "ಚಿಕ್ಕಿ, ಬ್ಯಾಟರಿ ಎಷ್ಟುಂಟು?" ಅಂದ.

ಹಾಗಾಗಿ ಎರಡನೇ ಕಂಟ್ರೋಲರ್ ಈಗಲೇ ತಗೊಂಡಿಡಿ, ಎರಡನ್ನೂ ಚಾರ್ಜ್ ಮಾಡಿಡಿ.