ಗಂಟಲಲ್ಲಿ ಸಿಕ್ಕಿಕೊಂಡಾಗ ನೆತ್ತಿ ತಟ್ಟಬೇಡಿ

ಶೇಂಗಾ ಸುಗ್ಗಿ ಶುರುವಾದರೆ ಸಾಕು, ಇವೇ ಪ್ರಶ್ನೆಗಳು ಬರುತ್ತವೆ. ಮಕ್ಕಳ ಶ್ವಾಸನಾಳದಿಂದ ಕಾಳು, ಬೀಜ, ಗುಂಡಿ ತೆಗೆಯುವುದು ನನ್ನ ಕೆಲಸ. ಹಾಗಾಗಿ ಉತ್ತರದಲ್ಲಿ ಸ್ವಲ್ಪ ಸಿಟ್ಟು ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಒಂದೂವರೆ ವರ್ಷದ ಮಗ ಹುರಿದ ಶೇಂಗಾ ತಿನ್ನುತ್ತಾ ಓಡಾಡುತ್ತಿದ್ದ. ನೆತ್ತಿಗೆ ಹತ್ತಿ ಜೋರಾಗಿ ಕೆಮ್ಮತೊಡಗಿದ. ನಮ್ಮತ್ತೆ ನೆತ್ತಿ ತಟ್ಟಿ ನೀರು ಕುಡಿಸಿದರು. ಮಾವ ಕಾಲು ಹಿಡಿದು ತಲೆಕೆಳಗೆ ಮಾಡಿದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು? ಆಮೇಲಿಂದ ಸ್ವಲ್ಪ ಕಫ ಇದೆ, ಸಿರಪ್ ಹಾಕುತ್ತಿದ್ದೇವೆ. (ಚಳ್ಳಕೆರೆಯ ತಾಯಿಯೊಬ್ಬರು)

ಉತ್ತರ: ಅಮ್ಮಾ, ಮುಖ್ಯವಾದದ್ದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಮುಂದಿನ ಸಲದ ಮಾತು ಆಮೇಲೆ, ಇವತ್ತೇ ಮಗುವನ್ನು ಮಕ್ಕಳಿಗೆ ಬ್ರಾಂಕೋಸ್ಕೋಪಿ (ಕೊಳವೆ ಇಳಿಸಿ ಶ್ವಾಸನಾಳದ ಒಳಗೆ ನೋಡುವುದು) ಮಾಡುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರು ಕೇಳುವ ಮೊದಲೇ 'ಶೇಂಗಾ ತಿನ್ನುವಾಗ ಕೆಮ್ಮು ಶುರುವಾಯಿತು' ಅಂತ ಹೇಳಿ. ಈ ಒಂದು ಮಾತು ಹೇಳದೇ ಇರುವುದಕ್ಕೆ ಎಷ್ಟೋ ಮಕ್ಕಳು ವಾರಗಟ್ಟಲೆ ನ್ಯುಮೋನಿಯಾ, ಅಸ್ತಮಾ ಅಂತ ಔಷಧಿ ಕುಡಿಯುತ್ತಿರುತ್ತವೆ.

ಕೆಮ್ಮು ನಿಂತರೆ ಕಾಳು ಹೊರಗೆ ಬಂತು ಅಂತಲ್ಲ. ಎಷ್ಟೋ ಸಲ ಅದು ಇನ್ನೂ ಕೆಳಗೆ ಜಾರಿ ಒಂದು ಕಡೆಯ ಶ್ವಾಸಕೋಶದ ಕೊಳವೆಯಲ್ಲಿ ಕೂತಿರುತ್ತದೆ. ಹೆಚ್ಚಾಗಿ ಬಲಗಡೆ, ಯಾಕೆಂದರೆ ಆ ಕೊಳವೆ ಅಗಲವಾಗಿ, ನೇರವಾಗಿ ಇದೆ. ಅಲ್ಲಿ ಕೂತ ಮೇಲೆ ಕೆಲವು ದಿನ ಮಗು ಆಟವಾಡಿಕೊಂಡೇ ಇರುತ್ತದೆ. ಕಾಳು ಒದ್ದೆಯಾಗಿ ಉಬ್ಬುತ್ತದೆ, ಅದರ ಎಣ್ಣೆಯಿಂದ ಕೊಳವೆ ಕೆಂಪಾಗಿ ಊದಿಕೊಳ್ಳುತ್ತದೆ, ಆಮೇಲೆ ಕಫ, ಜ್ವರ. ತಡವಾಗಿ ಬಂದ ಮಗುವಿನಲ್ಲಿ ಕಾಳನ್ನು ಚಿಮಟದಲ್ಲಿ ಹಿಡಿದರೆ ಅಲ್ಲೇ ಪುಡಿಯಾಗುತ್ತದೆ, ಚೂರು ಚೂರಾಗಿ ತೆಗೆಯಬೇಕಾಗುತ್ತದೆ. 'ಎಕ್ಸ್‌ರೇ ನಾರ್ಮಲ್ ಇದೆ' ಅಂತ ಸುಮ್ಮನಾಗಬೇಡಿ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ಈಗ ನೀವು ಕೇಳಿದ್ದು. ಮೊದಲು ಸದ್ದು ಕೇಳಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಓಡಾಡುತ್ತಿದೆ ಅಂತ ಅರ್ಥ. ಮುಟ್ಟಬೇಡಿ, ಪಕ್ಕದಲ್ಲೇ ಇದ್ದು ಕೆಮ್ಮಲು ಬಿಡಿ. ಅದರ ಕೆಮ್ಮಿನಷ್ಟು ಒಳ್ಳೆಯ ಮದ್ದು ನಿಮ್ಮ ಕೈಯಲ್ಲಿಲ್ಲ. ಕೆಮ್ಮು ಕ್ಷೀಣವಾಯಿತು, ದನಿ ಹೊರಡುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಮಾತ್ರ ಕೈ ಹಾಕಬೇಕು, ತಕ್ಷಣ ಹಾಕಬೇಕು. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಮಗುವನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಗಟ್ಟಿಯಾಗಿ ಹೊಡೆಯಲಿ. ಸವರುವುದಲ್ಲ, ಹೊಡೆಯುವುದು. ಬರಲಿಲ್ಲವಾ, ಹಿಂದಿನಿಂದ ತಬ್ಬಿ, ಹೊಕ್ಕುಳಿಗೆ ಸ್ವಲ್ಪ ಮೇಲೆ, ಎದೆಗೂಡಿಗೆ ಕೆಳಗೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಹೊಟ್ಟೆ. ದೊಡ್ಡವರಿಗೂ ಇದೇ ಕ್ರಮ. ಬಸುರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಿ.

ಒಂದು ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಲೇಬಾರದು, ಲಿವರ್‌ಗೆ ಪೆಟ್ಟಾಗುತ್ತದೆ. ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಯನ್ನು ಆನಿಸಿ ಹಿಡಿದು, ತಲೆ ಎದೆಗಿಂತ ಕೆಳಗಿರುವಂತೆ ಮಾಡಿ ಬೆನ್ನಿಗೆ 5 ಪೆಟ್ಟು. ಆಮೇಲೆ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಬೇಕು. ಬಾಯೊಳಗೆ ವಸ್ತು ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕುರುಡಾಗಿ ಬೆರಳು ಹಾಕಿ ತಡಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್ ಶುರು ಮಾಡಿ, 30 ಸಲ ಎದೆ ಒತ್ತಿ, ಬಾಯಿ ನೋಡಿ, 2 ಸಲ ಉಸಿರು ಕೊಡಿ. ಮಿದುಳಿಗೆ ಆಮ್ಲಜನಕ ಇಲ್ಲದೆ ನಾಲ್ಕೈದು ನಿಮಿಷವೂ ಜಾಸ್ತಿಯೇ. ಹೊಟ್ಟೆ ಒತ್ತಿ ವಸ್ತು ಹೊರಗೆ ಬಂದರೂ ಒಮ್ಮೆ ಆಸ್ಪತ್ರೆಗೆ ತೋರಿಸಿ.

ನೆತ್ತಿ ತಟ್ಟುವುದರಿಂದ ಶ್ವಾಸನಾಳಕ್ಕೆ ಏನೂ ಆಗುವುದಿಲ್ಲ, ಹೊತ್ತು ಮಾತ್ರ ಹಾಳು. ನೀರು ಇನ್ನೂ ಅಪಾಯ. ಕಾಲು ಹಿಡಿದು ಕುಲುಕುವಾಗ ಮಗು ಕೈಜಾರಿ ಬೀಳಬಹುದು. ನಿಮ್ಮತ್ತೆ, ಮಾವ ಮಾಡಿದ್ದು ಪ್ರೀತಿಯಿಂದಲೇ, ಅದರಲ್ಲಿ ಅನುಮಾನವಿಲ್ಲ. ಅದಕ್ಕೇ ಅವರನ್ನೂ ಕೂರಿಸಿಕೊಂಡು ಇದನ್ನು ಓದಿ ಹೇಳಿ, ಹಗಲು ಮಗು ಇರುವುದು ಅವರ ಹತ್ತಿರ ಅಲ್ವಾ. ಐದು ವರ್ಷ ತುಂಬುವವರೆಗೆ ಇಡೀ ಕಾಳು ಬೇಡ, ಪುಡಿ ಮಾಡಿ ಕೊಡಿ.

ಪ್ರಶ್ನೆ: ವಿಡಿಯೋ ನೋಡಿ ಕಲಿತರೆ ಸಾಲದಾ?

ಸಾಲದು. ಎಷ್ಟು ಜೋರಾಗಿ ಹೊಡೆಯಬೇಕು, ಎಷ್ಟು ಆಳ ಒತ್ತಬೇಕು ಅನ್ನುವುದು ಕೈಗೆ ತಿಳಿಯಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನವರು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತಾರೆ, ಬೊಂಬೆಯ ಮೇಲೆ ಕೈಯಾರೆ ಮಾಡಿ ಬನ್ನಿ. ಮನೆಯವರ ಹೊಟ್ಟೆಯ ಮೇಲೆ ಸುಮ್ನೆ ಒತ್ತಿ ಅಭ್ಯಾಸ ಮಾಡಬೇಡಿ.

ಪ್ರಶ್ನೆ: ಮೀನಿನ ಮುಳ್ಳು ಚುಚ್ಚಿಕೊಂಡಿದೆ, ಅನ್ನದ ಉಂಡೆ ನುಂಗಬಹುದಾ?

ಬೇಡ. ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಇನ್‌ಹೇಲರ್ ಚಟವಾಗುತ್ತದಂತೆ. ಮೃಗಶಿರಾ ದಿನ ಹೈದರಾಬಾದಿಗೆ ಹೋಗಿ ಮಗುವಿಗೆ ಉಬ್ಬಸದ ಮೀನಿನ ಮದ್ದು ನುಂಗಿಸೋಣವಾ?

ಇನ್‌ಹೇಲರ್ ಚಟವಾಗುವುದಿಲ್ಲ. ಉಬ್ಬಸ ಇರುವ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಹೋಗುವ ಖರ್ಚಿನಲ್ಲಿ ಒಂದು ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಕೊಳ್ಳಿ, ಇನ್‌ಹೇಲರ್ ಬಳಸುವ ರೀತಿಯನ್ನು ಡಾಕ್ಟರ ಮುಂದೆಯೇ ಮಾಡಿ ತೋರಿಸಿ ಸರಿಪಡಿಸಿಕೊಳ್ಳಿ.

ಪ್ರಶ್ನೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಕಾ?

ಇಲ್ಲ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 5 ನಿಮಿಷ ದಾಟಿದರೆ 108.

ಪ್ರಶ್ನೆ: ಬಾಣಂತನದ ಮನೆಯಲ್ಲಿ ಕೂಸನ್ನು ಕಾಲ ಮೇಲೆ ಮಲಗಿಸಿ ಒಳಲೆಯಲ್ಲಿ ಹರಳೆಣ್ಣೆ ಹಾಕುತ್ತಾರೆ, ಮೂಗಿಗೂ ಎರಡು ಹನಿ ಬಿಡುತ್ತಾರೆ. ಹೇಗೆ ತಡೆಯಲಿ?

ಅಳುವ ಕೂಸಿನ ಬಾಯಿಗೆ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ಬರುವ ನ್ಯುಮೋನಿಯಾ ಬೇಗ ವಾಸಿಯಾಗುವುದಿಲ್ಲ. ಡಾಕ್ಟರು ಬೇಡ ಅಂದಿದ್ದಾರೆ ಅಂತ ನನ್ನ ಮೇಲೆ ಹಾಕಿ, ಒಳಲೆಯನ್ನು ಇವತ್ತೇ ಎತ್ತಿಡಿ.